ಸ್ಕ್ಯಾನರ್ ತೆಗೆದಿಟ್ಟರೆ ತೆರಿಗೆ ತಪ್ಪಲ್ಲ: ಜಿಲ್ಲೆಯ ಸಣ್ಣ ಅಂಗಡಿಗಳು ಕಲಿಯಲೇಬೇಕಾದ ಜಿಎಸ್‌ಟಿ ಲೆಕ್ಕ

ಹಾವೇರಿ: ತರಕಾರಿ ಮಾರುವವನಿಗೆ 29 ಲಕ್ಷ ರೂಪಾಯಿ ತೆರಿಗೆ ನೋಟಿಸ್. 2025ರ ಜುಲೈನಲ್ಲಿ ಹಾವೇರಿಯ ಹೆಸರು ದೇಶದ ತುಂಬಾ ಓಡಾಡಿದ್ದು ಈ ಒಂದು ಸಾಲಿನಿಂದ. ಏಲಕ್ಕಿ ಹಾರಕ್ಕೆ, ಬ್ಯಾಡಗಿ ಮೆಣಸಿನಕಾಯಿಗೆ ಹೆಸರಾದ ಜಿಲ್ಲೆ ಆ ವಾರ ಹೆಸರಾಗಿದ್ದು ಒಂದು ಪುಟ್ಟ ತರಕಾರಿ ಅಂಗಡಿಯ ಯುಪಿಐ ಲೆಕ್ಕದಿಂದ. ನಾಲ್ಕು ವರ್ಷದಲ್ಲಿ ಸುಮಾರು 1.63 ಕೋಟಿ ರೂಪಾಯಿ ಆನ್‌ಲೈನ್‌ನಲ್ಲಿ ಬಂದಿದೆ, ಅದಕ್ಕೆ ತೆರಿಗೆ ಕಟ್ಟಿ ಅನ್ನೋದು ನೋಟಿಸ್‌ನ ಸಾರ.

ಆ ಗದ್ದಲ ಈಗ ತಣ್ಣಗಾಗಿದೆ. ಬಂದ್ ಕರೆ ವಾಪಸ್ ಆಯಿತು, ಮುಖ್ಯಮಂತ್ರಿ ಭರವಸೆ ಕೊಟ್ಟರು, ರಾಜಕೀಯದವರು ಬೇರೆ ವಿಷಯಕ್ಕೆ ಹೋದರು. ಆದರೆ ಅಂಗಡಿಕಾರರ ಮುಂದಿದ್ದ ಮೂಲ ಪ್ರಶ್ನೆ ಅಲ್ಲೇ ಉಳಿದಿದೆ. ಯಾರು ನೋಂದಣಿ ಮಾಡಿಸಬೇಕು? ಮಾಡಿಸಿದರೆ ಎಷ್ಟು ಕಟ್ಟಬೇಕು? ಮಾಡಿಸದೇ ಇದ್ದರೆ ಏನಾಗುತ್ತದೆ? ಇದಕ್ಕೆ ಉತ್ತರ ಗೊತ್ತಿಲ್ಲದ ಕಾರಣಕ್ಕೇ ಹಲವರು ಅಂಗಡಿಯ ಸ್ಕ್ಯಾನರ್ ಕಿತ್ತಿಟ್ಟು 'ಕ್ಯಾಶ್ ಮಾತ್ರ' ಅಂತ ಬೋರ್ಡ್ ಹಾಕಿದ್ದು.

ಅಂದು ಆಗಿದ್ದೇನು?

ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಸೇವೆ ಕೊಡುವ ಕಂಪನಿಗಳಿಂದ 2021-22ರಿಂದ 2024-25ರವರೆಗಿನ ಮಾಹಿತಿ ತರಿಸಿಕೊಂಡಿತು. ವರ್ಷಕ್ಕೆ ಮಿತಿ ಮೀರಿ ಹಣ ಬಂದಿದ್ದರೂ ಜಿಎಸ್‌ಟಿ ನೋಂದಣಿ ಇಲ್ಲದವರನ್ನು ಹೆಕ್ಕಿ ತೆಗೆದು ಸಾವಿರಾರು ಮಂದಿಗೆ ನೋಟಿಸ್ ಕಳಿಸಿತು. ಬೇಕರಿ, ಚಹಾ ಅಂಗಡಿ, ಕಿರಾಣಿ, ಹಾಲಿನ ಬೂತ್, ತರಕಾರಿ ಮಳಿಗೆ, ಎಲ್ಲರೂ ಒಂದೇ ಬಲೆಗೆ ಬಿದ್ದರು.

ವ್ಯಾಪಾರಿಗಳು ಸಿಟ್ಟಾದರು. ಜುಲೈ 25ಕ್ಕೆ ಬಂದ್ ಎಂದರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಹಾಲು, ತರಕಾರಿ, ಹಣ್ಣಿನಂಥ ತೆರಿಗೆ ಇಲ್ಲದ ವಸ್ತು ಮಾರುವವರು ಹೆದರಬೇಕಾಗಿಲ್ಲ, ಆದರೆ ಮಿತಿ ದಾಟಿದವರು ಇನ್ನು ಮುಂದೆ ನೋಂದಣಿ ಮಾಡಿಸಿ ತೆರಿಗೆ ಕಟ್ಟಲೇಬೇಕು ಎಂದರು. ಬಂದ್ ನಿಂತಿತು.

ಈ ಮಧ್ಯೆ ನೋಟಿಸ್ ಕೊಟ್ಟಿದ್ದು ಯಾರು ಅನ್ನುವ ಜಗಳವೂ ನಡೆಯಿತು. ಕೊಟ್ಟಿದ್ದು ರಾಜ್ಯದ ಇಲಾಖೆ ಎಂದು ಕೇಂದ್ರ ಸಚಿವ ಪ್ರಲ್ಹಾದ ಜೋಶಿ ಹೇಳಿದರು; ಜಿಎಸ್‌ಟಿ ಕೇಂದ್ರದ್ದು ಎಂದು ರಾಜ್ಯದ ನಾಯಕರು ತಿರುಗಿ ಹೇಳಿದರು. ವಾಸ್ತವ ಇಷ್ಟೇ: 2017ರ ಜುಲೈ 1ರಿಂದ ಜಾರಿಯಲ್ಲಿರುವ ಈ ತೆರಿಗೆಯಲ್ಲಿ ರಾಜ್ಯದೊಳಗಿನ ಮಾರಾಟದ ಅರ್ಧ ಪಾಲು ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ನಿಯಮ ಮಾಡುವುದು ಇಬ್ಬರೂ ಕೂತ ಜಿಎಸ್‌ಟಿ ಮಂಡಳಿ. ನೋಟಿಸ್ ಬರೆದಿದ್ದು ರಾಜ್ಯದ ಅಧಿಕಾರಿ. ಅಂಗಡಿಯವನಿಗೆ ಇಬ್ಬರೂ ಒಂದೇ.

29 ಲಕ್ಷ ಎಲ್ಲಿಂದ ಬಂತು?

ಈ ಲೆಕ್ಕವನ್ನು ಒಮ್ಮೆ ಕೂಡಿಸಿ ನೋಡಬೇಕು. 1.63 ಕೋಟಿಗೆ 18% ಹಾಕಿದರೆ 29.34 ಲಕ್ಷ. ಅಂದರೆ ಖಾತೆಗೆ ಬಂದ ಅಷ್ಟೂ ದುಡ್ಡು 18% ತೆರಿಗೆಯ ಮಾಲಿನದ್ದೇ ಎಂದು ಹಿಡಿದಂತಾಯಿತು. ಆದರೆ ತಾಜಾ ತರಕಾರಿಗೆ ಜಿಎಸ್‌ಟಿ ದರ ಸೊನ್ನೆ. ಸೊನ್ನೆಯಿಂದ ಯಾವ ಮೊತ್ತ ಗುಣಿಸಿದರೂ ಸೊನ್ನೆಯೇ.

ಕಂಪ್ಯೂಟರಿಗೆ ಗೊತ್ತಾಗುವುದು ಎಷ್ಟು ಹಣ ಬಂತು ಅಂತ ಮಾತ್ರ. ಬದನೆಕಾಯಿ ಮಾರಿ ಬಂತೋ, ಬಿಸ್ಕತ್ತು ಮಾರಿ ಬಂತೋ, ಅಳಿಯ ಸಾಲ ತೀರಿಸಿದ್ದೋ, ಚೀಟಿ ಹಣವೋ ಗೊತ್ತಾಗುವುದಿಲ್ಲ. ನಮ್ಮ ಕಡೆ ಅಂಗಡಿಗೊಂದು, ಮನೆಗೊಂದು ಬೇರೆ ಬೇರೆ ಖಾತೆ ಇಟ್ಟುಕೊಳ್ಳುವ ರೂಢಿ ಕಡಿಮೆ. ಒಂದೇ ಫೋನ್, ಒಂದೇ ನಂಬರ್, ಒಂದೇ ಖಾತೆ. ಮಗಳ ಫೀ, ಹೊಲದ ದುಡ್ಡು, ಅಂಗಡಿ ಗಲ್ಲಾ ಎಲ್ಲ ಅಲ್ಲೇ. ಇಲಾಖೆಯ ಕಣ್ಣಿಗೆ ಅದಷ್ಟೂ ವ್ಯಾಪಾರವಾಗಿ ಕಂಡಿತು.

ಇಲಾಖೆಯ ವಾದದಲ್ಲೂ ಹುರುಳಿಲ್ಲ ಅನ್ನುವಂತಿಲ್ಲ. ಪಕ್ಕದ ಅಂಗಡಿಯವನು ನಂಬರ್ ತಗೊಂಡು, ಪ್ರತಿ ಮೂರು ತಿಂಗಳಿಗೆ ತೆರಿಗೆ ಕಟ್ಟಿ, ಆಡಿಟರ್‌ಗೂ ಫೀ ಕೊಟ್ಟು ವ್ಯಾಪಾರ ಮಾಡುತ್ತಿದ್ದಾನೆ. ಅಷ್ಟೇ ವ್ಯಾಪಾರ ಇರುವ ಇನ್ನೊಬ್ಬ ಏನೂ ಕಟ್ಟದೆ ಕೂತರೆ ಅದು ನ್ಯಾಯವೇ? ಪ್ರಶ್ನೆ ಸರಿ ಇದೆ. ತಪ್ಪಿದ್ದು, ತಿಳಿಸಿ ಹೇಳಬೇಕಾದ ಕಡೆ ನೇರವಾಗಿ ಲಕ್ಷಗಳ ನೋಟಿಸ್ ಕಳಿಸಿದ್ದು. 'ಜಿಎಸ್‌ಟಿ ತಿಳಿಯಿರಿ' ಎಂಬ ಅಭಿಯಾನದ ಮಾತು ಕೇಳಿಬಂದಿದ್ದು ನೋಟಿಸ್ ಹೋದ ಮೇಲೆ. ಅಭಿಯಾನ ಮೊದಲು, ನೋಟಿಸ್ ಆಮೇಲೆ ಆಗಬೇಕಿತ್ತು.

ಮಿತಿ ಎಷ್ಟು? ಲೆಕ್ಕ ದಿನದಿಂದಲೇ ಶುರು

ಸರಕು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ಮಿತಿ. ಸೇವೆ ಕೊಡುವವರಿಗೆ 20 ಲಕ್ಷ. ಝೆರಾಕ್ಸ್, ಟೇಲರಿಂಗ್, ಸಲೂನ್, ಮೊಬೈಲ್ ರಿಪೇರಿ ಎಲ್ಲ ಸೇವೆಯೇ. ಕೂರಿಸಿ ಚಹಾ, ತಿಂಡಿ ಕೊಡುವ ಹೋಟೆಲ್ ಕೂಡ ಕಾನೂನಿನ ಪ್ರಕಾರ ಸೇವೆ. ಹೀಗಾಗಿ ಅದಕ್ಕೂ 20 ಲಕ್ಷದ ಮಿತಿಯೇ. ಇದು ಬಹಳ ಹೋಟೆಲಿನವರಿಗೆ ಗೊತ್ತಿಲ್ಲದ ಸಂಗತಿ.

ದಿನಕ್ಕೆ ಒಡೆದು ನೋಡಿದರೆ ಮಿತಿ ಎಷ್ಟು ಹತ್ತಿರ ಇದೆ ಅನ್ನೋದು ಅರ್ಥವಾಗುತ್ತದೆ. ವರ್ಷಪೂರ್ತಿ ದಿನಕ್ಕೆ 11 ಸಾವಿರ ರೂಪಾಯಿ ವ್ಯಾಪಾರ ಆದರೆ 40 ಲಕ್ಷ ದಾಟಿತು. ಹೋಟೆಲಿನಲ್ಲಿ ದಿನಕ್ಕೆ 5,500 ಆದರೆ 20 ಲಕ್ಷ ದಾಟಿತು. ಬಸ್ ಸ್ಟ್ಯಾಂಡ್ ಹತ್ತಿರದ ನಡೆಯುವ ಹೋಟೆಲಿಗೆ ಇದು ದೊಡ್ಡ ಮೊತ್ತವೇನಲ್ಲ.

ಇಲ್ಲಿ ಮೂರು ಕಡೆ ವ್ಯಾಪಾರಿಗಳು ಎಡವುತ್ತಾರೆ.

ಒಂದು, ವಹಿವಾಟು ಅಂದರೆ ಲಾಭ ಅಲ್ಲ. 'ನಮ್ಗೇನ್ ಉಳೀತದ್ರಿ, ನೂರಕ್ಕ ಐದೋ ಆರೋ' ಅನ್ನುವ ಮಾತು ಸುಳ್ಳಲ್ಲ. ಆದರೆ ಕಾನೂನು ನೋಡುವುದು ಮಾರಾಟದ ಒಟ್ಟು ಮೊತ್ತವನ್ನು, ಉಳಿದಿದ್ದನ್ನಲ್ಲ.

ಎರಡು, ಯುಪಿಐ ಮಾತ್ರ ಲೆಕ್ಕ ಅಲ್ಲ. ನಗದು, ಕಾರ್ಡ್, ಉದ್ರಿ ಎಲ್ಲ ಸೇರಿಯೇ ವಹಿವಾಟು. ಸ್ಕ್ಯಾನರ್ ತೆಗೆದರೆ ಗುರುತು ಕಡಿಮೆಯಾಗಬಹುದು, ಹೊಣೆ ಕಡಿಮೆಯಾಗಲ್ಲ. ಮೇಲಾಗಿ ಸಗಟು ವ್ಯಾಪಾರಿ ಬರೆದ ಬಿಲ್, ಬ್ಯಾಂಕಿಗೆ ತುಂಬಿದ ಹಣ ಇವೂ ದಾಖಲೆಗಳೇ. ಗಿರಾಕಿ ಮಾತ್ರ ಚಿಲ್ಲರೆ ಇಲ್ಲ ಅಂತ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಮೂರು, ತೆರಿಗೆ ಇಲ್ಲದ ವಸ್ತುವಿನ ಮಾರಾಟವೂ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ. ಬರೀ ತರಕಾರಿ, ಬರೀ ಹಾಲು, ಬರೀ ಹಣ್ಣು ಮಾರುವವರು ಕೋಟಿ ವಹಿವಾಟು ಮಾಡಿದರೂ ನೋಂದಣಿ ಬೇಕಿಲ್ಲ. ಆದರೆ 35 ಲಕ್ಷದ ಬಿಡಿ ಅಕ್ಕಿ, ಬೇಳೆ ಜೊತೆಗೆ 6 ಲಕ್ಷದ ಸೋಪು, ಬಿಸ್ಕತ್ತು, ಎಣ್ಣೆ ಮಾರಿದ ಕಿರಾಣಿ ಅಂಗಡಿ 41 ಲಕ್ಷದ ಅಂಗಡಿ. ಅದಕ್ಕೆ ನೋಂದಣಿ ಬೇಕು. ತೆರಿಗೆ ಬರುವುದು ಆ 6 ಲಕ್ಷಕ್ಕೆ ಮಾತ್ರ ಅನ್ನೋದು ಬೇರೆ ಮಾತು.

ಹಸಿ ಮೆಣಸಿನಕಾಯಿ, ಒಣ ಮೆಣಸಿನಕಾಯಿ

ಯಾವುದಕ್ಕೆ ತೆರಿಗೆ, ಯಾವುದಕ್ಕಿಲ್ಲ ಅನ್ನುವುದಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಸಂತೆಯಲ್ಲಿ ಮಾರುವ ಹಸಿ ಮೆಣಸಿನಕಾಯಿಗೆ ತೆರಿಗೆ ಇಲ್ಲ. ಅದೇ ಒಣಗಿ ಕೆಂಪಾಗಿ ಬ್ಯಾಡಗಿ ಮಾರುಕಟ್ಟೆಗೆ ಬಂದರೆ 5%. ಸವಣೂರಿನ ವೀಳ್ಯದೆಲೆಗೆ ತೆರಿಗೆ ಇಲ್ಲ, ಸವಣೂರಿನ ಖಾರಾಕ್ಕೆ 5%. ಹೂವಿಗೆ ಇಲ್ಲ, ಏಲಕ್ಕಿಗೆ ಇದೆ.

ಹಂಗಂತ ರೈತರು ಗಾಬರಿಯಾಗಬೇಕಿಲ್ಲ. ಸ್ವಂತ ಹೊಲದಲ್ಲಿ ಬೆಳೆದಿದ್ದನ್ನು ಮಾರುವ ಕೃಷಿಕನಿಗೆ ಎಷ್ಟೇ ಮೊತ್ತವಾದರೂ ಜಿಎಸ್‌ಟಿ ನೋಂದಣಿ ಬೇಡ. ಕಾನೂನಿನಲ್ಲೇ ಅದು ಸ್ಪಷ್ಟವಾಗಿದೆ. ಆದರೆ ರೈತನಿಂದ ಕೊಂಡು ಮಾರುವವನು ವ್ಯಾಪಾರಿ. ಅಲ್ಲಿಂದ ಮಿತಿ, ದರ ಎಲ್ಲ ಅನ್ವಯ.

2025ರ ಸೆಪ್ಟೆಂಬರ್ 22ರಿಂದ ದರಗಳೂ ಬದಲಾಗಿವೆ. 12% ಮತ್ತು 28% ಹಂತಗಳಲ್ಲಿದ್ದ ಬಹುತೇಕ ವಸ್ತುಗಳು 5% ಅಥವಾ 18%ಕ್ಕೆ ಬಂದವು. ಸೋಪು, ಟೂತ್‌ಪೇಸ್ಟ್, ತಲೆ ಎಣ್ಣೆ, ಬಿಸ್ಕತ್ತು 18%ರಿಂದ 5%ಕ್ಕೆ ಇಳಿದವು. ಕಿರಾಣಿ ಅಂಗಡಿಯ ಬಹುಪಾಲು ಮಾಲು ಈಗ ಸೊನ್ನೆ ಅಥವಾ 5%ರಲ್ಲಿದೆ. ಹಾಗಾಗಿ ಮುಂದೆ ಯಾವುದಾದರೂ ನೋಟಿಸ್ ಕಿರಾಣಿ ಅಂಗಡಿಯ ಇಡೀ ವಹಿವಾಟಿಗೆ 18% ಹಾಕಿ ಬಂದರೆ, ಅದನ್ನು ಪ್ರಶ್ನಿಸಲು ವ್ಯಾಪಾರಿಗೆ ಮೊದಲಿಗಿಂತ ಗಟ್ಟಿ ಕಾರಣ ಇದೆ. ಆದರೆ ಯಾವ ಮಾಲು ಎಷ್ಟು ಮಾರಿದೆ ಎಂದು ತೋರಿಸುವ ಬಿಲ್ ಕೈಯಲ್ಲಿರಬೇಕು.

60 ಸಾವಿರವೋ, 10.80 ಲಕ್ಷವೋ?

ಇಡೀ ಪ್ರಕರಣದ ಮುಖ್ಯ ಪಾಠ ಇಲ್ಲಿದೆ. ಸಣ್ಣ ವ್ಯಾಪಾರಿಗಳಿಗಾಗಿ ಜಿಎಸ್‌ಟಿಯಲ್ಲಿ ರಾಜಿ ತೆರಿಗೆ ಪದ್ಧತಿ ಇದೆ. ವ್ಯಾಪಾರಿಗಳ ಬಾಯಲ್ಲಿ ಅದು 'ಕಾಂಪೋಸಿಷನ್'. ವರ್ಷಕ್ಕೆ 1.5 ಕೋಟಿವರೆಗೆ ವಹಿವಾಟಿರುವ ಅಂಗಡಿಕಾರರು, ತಯಾರಕರು 1% ಕಟ್ಟಿದರೆ ಸಾಕು. ಹೋಟೆಲಿನವರಿಗೆ 5%. 50 ಲಕ್ಷದೊಳಗಿನ ಇತರೆ ಸೇವೆಯವರಿಗೆ 6%.

ಒಂದು ಅಂಗಡಿ ವರ್ಷಕ್ಕೆ 60 ಲಕ್ಷ ರೂಪಾಯಿಯ, 18% ದರದ ಮಾಲು ಮಾರುತ್ತದೆ ಎಂದುಕೊಳ್ಳಿ. ರಾಜಿ ಪದ್ಧತಿಯಲ್ಲಿದ್ದರೆ ಕಟ್ಟಬೇಕಾದ್ದು 60 ಸಾವಿರ. ಸಾಮಾನ್ಯ ಪದ್ಧತಿಯಲ್ಲಿದ್ದು 54 ಲಕ್ಷದ ಮಾಲನ್ನು ಬಿಲ್ ಸಮೇತ ಕೊಂಡಿದ್ದರೆ, ಕೊಳ್ಳುವಾಗ ಕೊಟ್ಟ ತೆರಿಗೆ ಕಳೆದು ಉಳಿದ 6 ಲಕ್ಷದ ಮೇಲೆ 18%, ಅಂದರೆ 1.08 ಲಕ್ಷ. ನೋಂದಣಿಯೇ ಇಲ್ಲದೆ ಸಿಕ್ಕಿಬಿದ್ದರೆ? ಪೂರ್ತಿ 60 ಲಕ್ಷದ ಮೇಲೆ 18%, ಅಂದರೆ 10.80 ಲಕ್ಷ. ಮೇಲೆ ಬಡ್ಡಿ, ದಂಡ ಬೇರೆ.

ಅದೇ ಅಂಗಡಿ, ಅದೇ ಮಾಲು, ಅದೇ ಗಿರಾಕಿ. ನೋಂದಣಿ ಇಲ್ಲದ ಒಂದೇ ಕಾರಣಕ್ಕೆ ತೆರಿಗೆ 18 ಪಟ್ಟು. ಯಾಕೆಂದರೆ ರಾಜಿ ಪದ್ಧತಿಯನ್ನು ಹಿಂದಿನ ವರ್ಷಗಳಿಗೆ ಈಗ ಕೇಳುವಂತಿಲ್ಲ. ಹೊಸದಾಗಿ ನೋಂದಣಿ ಮಾಡಿಸುವಾಗಲೇ ಅದನ್ನು ಆಯ್ಕೆ ಮಾಡಬೇಕು, ಈಗಾಗಲೇ ನಂಬರ್ ಇದ್ದವರು ಹಣಕಾಸು ವರ್ಷ ಶುರುವಾಗುವ ಮೊದಲು, ಅಂದರೆ ಮಾರ್ಚ್ 31ರೊಳಗೆ ಅರ್ಜಿ ಹಾಕಬೇಕು. ಸಗಟು ಅಂಗಡಿಯಲ್ಲಿ ಕೊಂಡಾಗ ಕೊಟ್ಟ ತೆರಿಗೆಯ ಲಾಭವೂ ನೋಂದಣಿ ಇಲ್ಲದವನಿಗೆ ಸಿಗುವುದಿಲ್ಲ. ಒಮ್ಮೆ ಕೊಳ್ಳುವಾಗ ಕೊಟ್ಟು, ಮತ್ತೊಮ್ಮೆ ಮಾರಿದ್ದಕ್ಕೂ ಪೂರ್ತಿ ಕೊಡಬೇಕಾದ ಸ್ಥಿತಿ.

ರಾಜಿ ಪದ್ಧತಿಗೆ ಷರತ್ತುಗಳಿವೆ. ಗಿರಾಕಿಯಿಂದ ತೆರಿಗೆ ಅಂತ ಬೇರೆ ತಗೊಳ್ಳುವಂತಿಲ್ಲ, ಕೈಯಿಂದಲೇ ಕಟ್ಟಬೇಕು. ಹೊರ ರಾಜ್ಯಕ್ಕೆ ಮಾಲು ಮಾರುವಂತಿಲ್ಲ. ಅಂಗಡಿಯಲ್ಲಿ ತಾನು ಈ ಪದ್ಧತಿಯಲ್ಲಿದ್ದೇನೆಂದು ಬೋರ್ಡ್ ಹಾಕಬೇಕು. ಗೋವಾಕ್ಕೋ ಮಹಾರಾಷ್ಟ್ರಕ್ಕೋ ಮೆಣಸಿನಕಾಯಿ ಕಳಿಸುವ ವ್ಯಾಪಾರಿಗೆ ಇದು ಆಗಿಬರುವುದಿಲ್ಲ. ಊರೊಳಗಿನ ಬೇಕರಿಗೆ, ಕಿರಾಣಿಗೆ, ಬಟ್ಟೆ ಅಂಗಡಿಗೆ ಸರಿಹೊಂದುತ್ತದೆ.

ನೋಂದಣಿ ಹೇಗೆ?

ಮಿತಿ ದಾಟಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ಎಲ್ಲವೂ ಜಿಎಸ್‌ಟಿ ಪೋರ್ಟಲ್‌ನಲ್ಲೇ ನಡೆಯುತ್ತದೆ. ಸರ್ಕಾರಕ್ಕೆ ಒಂದು ರೂಪಾಯಿಯೂ ಫೀ ಇಲ್ಲ. ಮಧ್ಯದವರು ಅರ್ಜಿ ತುಂಬಿಕೊಟ್ಟದ್ದಕ್ಕೆ ತಗೊಳ್ಳುವುದು ಅವರ ಕೂಲಿ, ಸರ್ಕಾರದ ಶುಲ್ಕವಲ್ಲ.

ಬೇಕಾಗುವ ದಾಖಲೆ ಬಹಳವಿಲ್ಲ. ಪ್ಯಾನ್, ಆಧಾರ್, ಫೋಟೋ, ಅಂಗಡಿಯ ಪುರಾವೆ. ಸ್ವಂತದ್ದಾದರೆ ಆಸ್ತಿ ತೆರಿಗೆ ರಸೀದಿ ಅಥವಾ ಕರೆಂಟ್ ಬಿಲ್, ಬಾಡಿಗೆಯದ್ದಾದರೆ ಕರಾರು ಪತ್ರ. ಬ್ಯಾಂಕ್ ಖಾತೆ ವಿವರವನ್ನು ನಂಬರ್ ಬಂದ 30 ದಿನದೊಳಗೆ ಸೇರಿಸಬಹುದು. ಬಾಡಿಗೆ ಕರಾರು ಬಾಯಿಮಾತಿನಲ್ಲೇ ನಡೆಯುವ ನಮ್ಮೂರ ಪೇಟೆಗಳಲ್ಲಿ ಅರ್ಜಿ ಸಿಕ್ಕಿಬೀಳುವುದು ಸಾಮಾನ್ಯವಾಗಿ ಇದೇ ಕಾಗದದಲ್ಲಿ. ಮೊದಲೇ ಮಾಡಿಸಿಟ್ಟುಕೊಳ್ಳುವುದು ಲೇಸು.

ಆಧಾರ್ ದೃಢೀಕರಣ ಆದರೆ, ಅಧಿಕಾರಿಗೆ ಅನುಮಾನ ಬರದಿದ್ದರೆ, ಏಳು ಕೆಲಸದ ದಿನದೊಳಗೆ ನಂಬರ್ ಸಿಗುತ್ತದೆ. 2025ರ ನವೆಂಬರ್ 1ರಿಂದ ಕಡಿಮೆ ವಹಿವಾಟಿನವರಿಗೆ ಮೂರು ಕೆಲಸದ ದಿನದಲ್ಲಿ ಕೊಡುವ ಸರಳ ವ್ಯವಸ್ಥೆಯೂ ಬಂದಿದೆ. ಸಿಗುವುದು 15 ಅಂಕಿ-ಅಕ್ಷರದ ಸಂಖ್ಯೆ. ಮೊದಲ ಎರಡು ಅಂಕಿ 29 ಇದ್ದರೆ ಕರ್ನಾಟಕ. ನಂತರದ ಹತ್ತು ವ್ಯಾಪಾರಿಯ ಪ್ಯಾನ್. ಕೇಂದ್ರಕ್ಕೊಂದು, ರಾಜ್ಯಕ್ಕೊಂದು ಬೇರೆ ನೋಂದಣಿ ಬೇಕಿಲ್ಲ, ಎರಡಕ್ಕೂ ಇದೊಂದೇ.

ನಂಬರ್ ತಗೊಂಡು ಮರೆತರೆ ಇನ್ನೂ ಕಷ್ಟ

ನೋಂದಣಿ ಒಂದು ದಿನದ ಕೆಲಸ, ರಿಟರ್ನ್ ವರ್ಷವಿಡೀ ಕೆಲಸ. ಬ್ಯಾಂಕ್ ಸಾಲಕ್ಕೆ ಬೇಕು ಅಂತಲೋ, ಕಂಪನಿ ಏಜೆನ್ಸಿಗೆ ಬೇಕು ಅಂತಲೋ ನಂಬರ್ ಮಾಡಿಸಿ ಬೀರುವಿನಲ್ಲಿಟ್ಟರೆ ಬರುವುದು ತೊಂದರೆಯೇ.

ರಾಜಿ ಪದ್ಧತಿಯವರು ಮೂರು ತಿಂಗಳಿಗೊಮ್ಮೆ, ಆ ಅವಧಿ ಮುಗಿದ ಮುಂದಿನ ತಿಂಗಳ 18ರೊಳಗೆ ಸಿಎಂಪಿ-08 ನಮೂನೆಯಲ್ಲಿ ತೆರಿಗೆ ಕಟ್ಟಬೇಕು. ವರ್ಷಕ್ಕೊಂದು ಜಿಎಸ್‌ಟಿಆರ್-4 ರಿಟರ್ನ್, ಕೊನೆಯ ದಿನ ಜೂನ್ 30.

ಸಾಮಾನ್ಯ ಪದ್ಧತಿಯವರಿಗೆ ಎರಡು ರಿಟರ್ನ್. ಮಾರಾಟದ ವಿವರದ ಜಿಎಸ್‌ಟಿಆರ್-1 ಪ್ರತಿ ತಿಂಗಳ 11ಕ್ಕೆ, ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ 20ಕ್ಕೆ. ವಹಿವಾಟು 5 ಕೋಟಿಯೊಳಗಿದ್ದರೆ ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಅವಕಾಶ ಇದೆ. ಆಗ ಕರ್ನಾಟಕದವರಿಗೆ ದಿನಾಂಕ 13 ಮತ್ತು 22. ಆದರೆ ಮೊದಲೆರಡು ತಿಂಗಳ ತೆರಿಗೆಯನ್ನು ಮುಂದಿನ ತಿಂಗಳ 25ರೊಳಗೆ ಕಟ್ಟುತ್ತಾ ಹೋಗಬೇಕು.

ವ್ಯಾಪಾರವೇ ಆಗದ ತಿಂಗಳಲ್ಲೂ 'ನಿಲ್' ರಿಟರ್ನ್ ಹಾಕಲೇಬೇಕು. ಅದನ್ನು ಮೊಬೈಲ್‌ನಿಂದ ಎಸ್‌ಎಂಎಸ್ ಮಾಡಿಯೂ ಮುಗಿಸಬಹುದು. ತಡವಾದರೆ ದಿನಕ್ಕೆ 50 ರೂಪಾಯಿ, ನಿಲ್ ಆದರೆ 20 ರೂಪಾಯಿ ವಿಳಂಬ ಶುಲ್ಕ. ಕಟ್ಟಬೇಕಾದ ತೆರಿಗೆ ತಡವಾದರೆ ವರ್ಷಕ್ಕೆ 18% ಬಡ್ಡಿ. ಸಾಮಾನ್ಯ ಪದ್ಧತಿಯಲ್ಲಿ ತಿಂಗಳ ರಿಟರ್ನ್ ಹಾಕುವವರು ಸತತ ಆರು ತಿಂಗಳು ಹಾಕದಿದ್ದರೆ ಇಲಾಖೆ ನೋಂದಣಿಯನ್ನೇ ರದ್ದು ಮಾಡಬಹುದು. ಮೂರು ವರ್ಷ ಕಳೆದ ಹಳೆಯ ರಿಟರ್ನ್‌ಗೆ ಈಗ ಪೋರ್ಟಲ್ ಬಾಗಿಲೇ ತೆರೆಯುವುದಿಲ್ಲ.

ಅಂಗಡಿ ಮುಚ್ಚಿದವರೂ ಸುಮ್ಮನಿರುವಂತಿಲ್ಲ. ನೋಂದಣಿ ರದ್ದತಿಗೆ ಅರ್ಜಿ ಹಾಕಿ, ಆದೇಶ ಬಂದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಕೊಟ್ಟರೆ ಮಾತ್ರ ಋಣ ಹರಿದಂತೆ.

ನೋಟಿಸ್ ಬಂದರೆ?

ಮೊದಲ ಕೆಲಸ, ಓದುವುದು. ಎರಡನೆಯದು, ಕೊಟ್ಟ ದಿನದೊಳಗೆ ಲಿಖಿತ ಉತ್ತರ ಕೊಡುವುದು. 'ಮುಖ್ಯಮಂತ್ರಿ ಹೇಳ್ಯಾರ, ಏನೂ ಆಗಂಗಿಲ್ಲ' ಅಂತ ಕಾಗದ ಮಡಚಿಡುವುದು ಅಪಾಯ. ಸಭೆಯಲ್ಲಿ ಕೊಟ್ಟ ಮಾತು ಒಂದು, ಕಡತದಲ್ಲಿ ಮುಕ್ತಾಯದ ಆದೇಶ ಇನ್ನೊಂದು. ಉತ್ತರವೇ ಬರದಿದ್ದರೆ ಅಧಿಕಾರಿ ತನ್ನ ಅಂದಾಜಿನ ಮೇಲೆಯೇ ತೆರಿಗೆ ನಿಗದಿ ಮಾಡಲು ಕಾನೂನಿನಲ್ಲಿ ಅಧಿಕಾರ ಇದೆ. ಆಮೇಲೆ ಮೇಲ್ಮನವಿಗೆ ಹೋಗಲು ಮೂರು ತಿಂಗಳ ಗಡುವು, ವಿವಾದದ ತೆರಿಗೆಯ 10% ಮುಂಗಡ. 29 ಲಕ್ಷದ ಆದೇಶವಾದರೆ ವಾದ ಮಾಡುವುದಕ್ಕೇ 2.90 ಲಕ್ಷ ಬೇಕು. ತಳ್ಳುಗಾಡಿಯವ ಎಲ್ಲಿಂದ ತರಬೇಕು?

ಉತ್ತರದಲ್ಲಿ ಇರಬೇಕಾದ್ದು ಸರಳ. ಏನು ಮಾರುತ್ತೇವೆ, ಯಾರಿಂದ ಕೊಳ್ಳುತ್ತೇವೆ ಎಂಬುದಕ್ಕೆ ಎಪಿಎಂಸಿ ಪಟ್ಟಿ, ಖರೀದಿ ಬಿಲ್, ಡೈರಿ ರಸೀದಿ. ಖಾತೆಗೆ ಬಂದ ಹಣದಲ್ಲಿ ವ್ಯಾಪಾರದ್ದಲ್ಲದ್ದು ಯಾವುದು ಎಂಬುದಕ್ಕೆ ಬ್ಯಾಂಕ್ ಹೇಳಿಕೆ. ಇಷ್ಟನ್ನು ಜೋಡಿಸಿ ಕೊಟ್ಟರೆ ತರಕಾರಿಯವನ ಲೆಕ್ಕ ಸೊನ್ನೆಗೆ ಬರುತ್ತದೆ. ಜೋಡಿಸಲು ಕಾಗದವೇ ಇಲ್ಲದಿದ್ದರೆ ಬರುವುದಿಲ್ಲ.

ಇಬ್ಬರಿಗೂ ಪಾಠ

ಇಲಾಖೆ ಮಾಡಬೇಕಾದ ಕೆಲಸ ಜಿಲ್ಲೆಯಲ್ಲಿ ಸಾಕಷ್ಟಿದೆ. ಹಾವೇರಿ, ರಾಣೆಬೆನ್ನೂರು ಮಾತ್ರವಲ್ಲ, ಹಾನಗಲ್, ಹಿರೇಕೆರೂರು, ರಟ್ಟೀಹಳ್ಳಿ, ಶಿಗ್ಗಾವಿಯ ಪೇಟೆಗಳಿಗೂ ಅಧಿಕಾರಿಗಳು ಬಂದು ಕನ್ನಡದಲ್ಲಿ, ಅಂಗಡಿಯವನ ಭಾಷೆಯಲ್ಲಿ, ರಾಜಿ ಪದ್ಧತಿ ಹೇಳಬೇಕು. ಖಾತೆಯ ಮೊತ್ತ ನೋಡಿ ಗುಣಾಕಾರ ಮಾಡುವ ಮೊದಲು ಅಂಗಡಿಗೆ ಬಂದು ಬುಟ್ಟಿಯಲ್ಲಿ ಏನಿದೆ ಅಂತ ನೋಡಿದ್ದರೆ ಹಾವೇರಿಯ ನೋಟಿಸ್ ಹುಟ್ಟುತ್ತಲೇ ಇರಲಿಲ್ಲ.

ವ್ಯಾಪಾರಿಗಳ ಪಾಲಿನ ಕೆಲಸ ಚಿಕ್ಕದು. ಅಂಗಡಿಗೆ ಬೇರೆ ಖಾತೆ, ಬೇರೆ ಸ್ಕ್ಯಾನರ್. ದಿನದ ಮಾರಾಟಕ್ಕೆ ಒಂದು ನೋಟ್‌ಬುಕ್, ತೆರಿಗೆ ಇರುವುದು ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ. ಖರೀದಿ ಬಿಲ್‌ಗೆ ಒಂದು ಫೈಲ್. ಪ್ರತಿ ತಿಂಗಳ ಕೊನೆಗೆ ಏಪ್ರಿಲ್‌ನಿಂದ ಇಲ್ಲಿವರೆಗಿನ ಒಟ್ಟು ಎಷ್ಟಾಯಿತು ಎಂದು ಕೂಡಿಸಿ ನೋಡುವುದು. 30 ಲಕ್ಷ ದಾಟುತ್ತಿದ್ದಂತೆ ಯಾರಾದರೂ ತಿಳಿದವರ ಹತ್ತಿರ ಹೋಗುವುದು.

ಅಷ್ಟು ಮಾಡಿದವನಿಗೆ ತೆರಿಗೆ 60 ಸಾವಿರದ ಮಾತು. ಮಾಡದವನಿಗೆ ಅದೇ ಹತ್ತು ಲಕ್ಷದ ಭಯ. ಸ್ಕ್ಯಾನರ್ ಗೋಡೆ ಮೇಲಿದ್ದರೂ ಒಂದೇ, ಗಲ್ಲಾದೊಳಗಿದ್ದರೂ ಒಂದೇ.